ಟೋಯಿನ್ ಓಜಿ ಓಡುಟೋಲಾ: ಗೋಡೆ ಮೇಲಿನ ಪತ್ರವನ್ನು ನಾನು ನಂಬಿಬಿಟ್ಟೆ

ಕಲಾವಿದೆ ಟೋಯಿನ್ ಓಜಿ ಓಡುಟೋಲಾ ಅವರ ಬಗ್ಗೆ ಇಂಟರ್ನಲ್ಸ್ ಪರೀಕ್ಷೆಯಲ್ಲಿ ನಾನು ಬರೆದಿದ್ದು ಹೀಗೆ: "ನೈಜೀರಿಯಾದ ಉಮುಎಜೆ ಅಮಾರಾ ಮನೆತನದವರು ತಮ್ಮ ಸಂಗ್ರಹದ ಚಿತ್ರಗಳನ್ನು 2017ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ ಎರವಲು ಕೊಟ್ಟಿದ್ದರು." ಮೇಡಂ ಅದರ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಯಾರಿವರು?" ಅಂತ ಬರೆದಿದ್ದರು. ಅಂಥ ಮನೆತನವೇ ಇಲ್ಲ! ಎರಡು ಮಾರ್ಕ್ಸ್ ಹೋಯಿತು. ನಿಮಗೂ ಹಾಗಾಗಬಾರದು ಅಂತ ಈ ಟಿಪ್ಪಣಿ.

ಮೊದಲು ಬೇಗ ಬೇಗ ಮುಗಿಯುವ ವಿಷಯ

ಓಜಿ ಓಡುಟೋಲಾ ಹುಟ್ಟಿದ್ದು 1985ರಲ್ಲಿ, ನೈಜೀರಿಯಾದ ಇಫೆಯಲ್ಲಿ. ಚಿಕ್ಕವಳಿದ್ದಾಗಲೇ ಅಮೆರಿಕಕ್ಕೆ. ಬೆಳೆದದ್ದು ಹೆಚ್ಚಾಗಿ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ. ತಾಯಿ ಇಗ್ಬೊ ಜನಾಂಗದವರು, ತಂದೆ ಯೊರುಬಾ ಜನಾಂಗದವರು. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಶುರುವಿನಲ್ಲಿ ಹೆಸರು ಬಂದದ್ದು ಬಾಲ್ ಪೆನ್ ಚಿತ್ರಗಳಿಂದ. ಹೌದು, ನಾವು ನೋಟ್ಸ್ ಬರೆಯುವ ಅದೇ ಬಾಲ್ ಪೆನ್. ಆ ಚಿತ್ರಗಳಲ್ಲಿ ಕಪ್ಪು ಚರ್ಮ ಅಂದರೆ ಒಂದೇ ಬಣ್ಣ ಬಳಿದ ಜಾಗ ಅಲ್ಲ, ಗೆರೆಗಳನ್ನು ಹೆಣೆದ ಹಾಗಿರುತ್ತದೆ. ನಾನೂ ನನ್ನ ಎಡಗೈಯನ್ನು ಹಾಗೆ ಬರೆಯಲು ಹೋದೆ. ಅರ್ಧ ಗಂಟೆಯಲ್ಲಿ ಹೆಬ್ಬೆರಳಿನ ಹತ್ತಿರ ಕಾಗದ ತೂತಾಯಿತು. ಆದರೆ ಒಂದು ವಿಷಯ ಗೊತ್ತಾಯಿತು. ಬಾಲ್ ಪೆನ್‌ನಲ್ಲಿ ಕಪ್ಪು ಮಾಡಬಹುದು, ಆಮೇಲೆ ತಿಳಿ ಮಾಡೋಕೆ ಆಗಲ್ಲ. ಬೆಳಕು ಎಲ್ಲಿ ಬೀಳಬೇಕೋ ಆ ಜಾಗ ಮೊದಲೇ ಬಿಟ್ಟಿರಬೇಕು. ಇಂಕು ಪದರ ಪದರವಾಗಿ ಕೂತ ಕಡೆ ಕಪ್ಪೇ ತಾಮ್ರದ ಹಾಗೆ ಹೊಳೆಯುತ್ತದೆ. ಫೋನಿನಲ್ಲಿ ಆ ಚಿತ್ರಗಳನ್ನು ನೋಡಿದಾಗ ಇದು ಕಂಡಿರಲೇ ಇಲ್ಲ.

ಆ ಪತ್ರ

ಈಗ ನಾನು ಎಡವಿದ ಜಾಗ. ವಿಟ್ನಿಯ ಪ್ರದರ್ಶನ ಬಿಡಿಯಾಗಿ ಬಂದದ್ದಲ್ಲ. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾಗಿ 2018ರಲ್ಲಿ ನ್ಯೂಯಾರ್ಕಿನಲ್ಲಿ ಮುಗಿದ ಮೂರು ಪ್ರದರ್ಶನಗಳ ಕತೆಯಲ್ಲಿ ಅದು ನಡುವಿನದು. ಕತೆಯಲ್ಲಿ ಎರಡು ಸಿರಿವಂತ ಮನೆತನಗಳಿವೆ: ಉಮುಎಜೆ ಅಮಾರಾ ಮತ್ತು ಒಬಾಫೆಮಿ. ಎರಡೂ ಮನೆಯ ಗಂಡುಮಕ್ಕಳಾದ ಜಿದೆಯೊಫೋರ್ ಮತ್ತು ತೆಮಿತೋಪೆ ಒಬ್ಬರನ್ನೊಬ್ಬರು ಮದುವೆಯಾಗಿದ್ದಾರೆ. ಪ್ರದರ್ಶನದ ಗೋಡೆಯ ಮೇಲೆ ಒಂದು ಪತ್ರ ಇತ್ತು. ಈ ಚಿತ್ರಗಳು ಮನೆತನದ ಖಾಸಗಿ ಸಂಗ್ರಹದವು ಅಂತ ಹೇಳುವ ಪತ್ರ. ಕೆಳಗೆ ಸಹಿ ಯಾರದ್ದು? ಟೋಯಿನ್ ಓಜಿ ಓಡುಟೋಲಾ, ಉಪ ಖಾಸಗಿ ಕಾರ್ಯದರ್ಶಿ!

ಚಿತ್ರ ಬರೆದವರೇ ಮನೆತನದ ಗುಮಾಸ್ತೆಯ ವೇಷದಲ್ಲಿ ನಿಂತಿದ್ದಾರೆ. ನಾನು ಸಹಿ ಗಮನಿಸದೆ ಪತ್ರ ಮಾತ್ರ ಓದಿದ್ದೆ.

ಸರಿ, ಕಟ್ಟುಕತೆ ಅಂತ ಗೊತ್ತಾಯಿತು. ಆದರೂ ಒಂದು ಪ್ರಶ್ನೆ ವಾರಗಟ್ಟಲೆ ತಲೆ ತಿಂದಿತು. ಸಿಲಬಸ್‌ನಲ್ಲಿ ಈ ಪಾಠದ ಹೆಸರು 'ಸಿದ್ಧ ಅಚ್ಚುಗಳನ್ನು ಮುರಿಯುವುದು'. ಸಿದ್ಧ ಅಚ್ಚು ಅಂದರೆ ಒಂದು ಗುಂಪಿನವರೆಲ್ಲ ಹೀಗೇ ಇರುತ್ತಾರೆ ಅನ್ನುವ ಕಲ್ಪನೆ. ಚಿತ್ರಗಳಲ್ಲಿ ನೋಡಿದರೆ ಯಾರೂ ಏನನ್ನೂ ಮುರಿಯುತ್ತಿಲ್ಲ. ಸೋಫಾದಲ್ಲಿ ಕೂತಿದ್ದಾರೆ. ಒಳ್ಳೆ ಬಟ್ಟೆ ಹಾಕಿದ್ದಾರೆ. ರಜೆಗೆ ಹೋಗಿದ್ದಾರೆ. ಪ್ರತಿಭಟನೆ ಎಲ್ಲಿದೆ?

ನನಗೆ ಇದು ಅರ್ಥವಾದದ್ದು ಒಂದು ಮದುವೆ ಮನೆಯಲ್ಲಿ. ದೊಡ್ಡಮ್ಮ ಎಲೆ ಮುಂದೆ ಕೂತವರು ಕೇಳಿದರು, "ಆರ್ಟ್ ಓದ್ತಿದ್ದೀಯಂತೆ, ಸೈನ್ಸ್ ಸಿಗಲಿಲ್ವೇನೇ?" ನಾನು ಹತ್ತನೇ ಕ್ಲಾಸಿನ ಮಾರ್ಕ್ಸ್ ಹೇಳಿದೆ. ಸೈನ್ಸ್ ಸೀಟು ಸಿಕ್ಕಿತ್ತು ಅಂದೆ. ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ಹೊಳೆಯಿತು: ನಾನು ಏನೇ ಉತ್ತರ ಕೊಟ್ಟರೂ 'ಸೈನ್ಸ್ ಸಿಗದವರು ಆರ್ಟ್ ಓದುತ್ತಾರೆ' ಅನ್ನುವುದನ್ನು ಒಪ್ಪಿಕೊಂಡೇ ಉತ್ತರ ಕೊಡುತ್ತಿದ್ದೇನೆ. ಪ್ರಶ್ನೆ ಅವರದ್ದು, ಅಂಗಳವೂ ಅವರದ್ದೇ.

'ಆಫ್ರಿಕಾದವರೆಲ್ಲ ಬಡವರಲ್ಲ' ಅನ್ನುವ ಚಿತ್ರವೂ ಹಾಗೇ. ಅದು 'ಬಡವರು' ಅನ್ನುವ ಮಾತಿಗೆ ಕೊಡುವ ಉತ್ತರ. ಓಜಿ ಓಡುಟೋಲಾ ಉತ್ತರ ಕೊಡುವುದೇ ಇಲ್ಲ. ಅವರ ಸಿರಿವಂತರು ತಾವು ಸಿರಿವಂತರು ಅಂತ ಯಾರಿಗೂ ಸಾಬೀತು ಮಾಡಬೇಕಿಲ್ಲ. ತಲೆತಲಾಂತರದಿಂದ ಇದ್ದವರ ಹಾಗೆ ಸುಮ್ನೆ ಕೂತಿದ್ದಾರೆ. ಪತ್ರದ ಕೆಲಸವೂ ಇದೇ. 'ಇದು ನನ್ನ ಕಲ್ಪನೆ, ದಯವಿಟ್ಟು ನೋಡಿ' ಅಂತ ಕೇಳಿಕೊಳ್ಳುವುದಿಲ್ಲ. ಮನೆತನ ಇದೆ, ಸಂಗ್ರಹ ಇದೆ, ನೀವು ಅತಿಥಿಗಳು, ಒಳಗೆ ಬನ್ನಿ ಅನ್ನುತ್ತದೆ.

ಮದುವೆಯ ವಿಷಯದಲ್ಲೂ ಅದೇ ಉಪಾಯ. ನೈಜೀರಿಯಾದಲ್ಲಿ 2014ರ ಕಾನೂನಿನ ಪ್ರಕಾರ ಇಬ್ಬರು ಗಂಡಸರು ಮದುವೆಯಾದರೆ 14 ವರ್ಷದವರೆಗೆ ಜೈಲು. ಈ ಕತೆಯಲ್ಲಿ ಆ ಕಾನೂನಿನ ಮಾತೇ ಇಲ್ಲ. ಎರಡು ಮನೆಗಳ ನಡುವೆ ಬೀಗತನ ಆಗಿದೆ, ಅಷ್ಟೇ. (ಪರೀಕ್ಷೆಯಲ್ಲಿ ಕಾನೂನಿನ ವಿಷಯ ನಾವು ಬರೆಯಬೇಕು. ಚಿತ್ರದಲ್ಲಿ ಇಲ್ಲ ಅಂತ ನಾವೂ ಬಿಟ್ಟರೆ ಮಾರ್ಕ್ಸ್ ಇಲ್ಲ.)

ನನ್ನ ಅಡ್ಡದಾರಿ: ಹೆಸರು ಬಿಡಿಸಿ ನೋಡಿ

ಇದು ನನಗೆ ತುಂಬಾ ಇಷ್ಟವಾದ ಭಾಗ. ಇಗ್ಬೊ ಭಾಷೆಯಲ್ಲಿ 'ಉಮು' ಅಂದರೆ ಮಕ್ಕಳು, 'ಎಜೆ' ಅಂದರೆ ಅರಸ. ಉಮುಎಜೆ ಅಂದರೆ ಅರಸನ ಮಕ್ಕಳು. ಯೊರುಬಾದಲ್ಲಿ 'ಒಬಾ' ಅಂದರೂ ಅರಸನೇ. ಒಬಾಫೆಮಿ ಅಂದರೆ 'ಅರಸನಿಗೆ ನಾನೆಂದರೆ ಪ್ರೀತಿ'. ಎರಡು ಭಾಷೆ, ಎರಡು ಹೆಸರು, ಎರಡರಲ್ಲೂ ಒಬ್ಬ ಅರಸ ಇದ್ದಾನೆ. ಒಂದು ಇಗ್ಬೊ ಮನೆ, ಇನ್ನೊಂದು ಯೊರುಬಾ ಮನೆ, ಮದುವೆಯಿಂದ ಬೆಸೆದಿವೆ. ಮೇಲೆ ತಾಯಿ ತಂದೆಯ ವಿಷಯ ನೆನಪಿಡಿ ಅಂದೆನಲ್ಲ, ಅದು ಇದಕ್ಕೇ. ಹೆಸರು ನೆನಪಿಟ್ಟರೆ ಇಡೀ ಕತೆಯ ಚೌಕಟ್ಟು ಸಿಕ್ಕಿಬಿಡುತ್ತದೆ.

ಒಂದು ತಕರಾರು

ಸಹಪಾಠಿಯೊಬ್ಬಳು ಕೇಳಿದಳು: ಬಡವರ ಅಚ್ಚು ತೆಗೆದು ಸಿರಿವಂತರ ಅಚ್ಚು ಇಟ್ಟ ಹಾಗಾಯಿತಲ್ವಾ? ನ್ಯಾಯವಾದ ಪ್ರಶ್ನೆ. ವಿಟ್ನಿಯ ಚಿತ್ರಗಳನ್ನಷ್ಟೇ ನೋಡಿದರೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ.

2020ರಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ಇಟ್ಟ 40 ಚಿತ್ರಗಳಲ್ಲಿ ಉತ್ತರ ಇದೆ ಅನ್ನಿಸುತ್ತದೆ. ಅಲ್ಲಿ ಬಣ್ಣವೇ ಇಲ್ಲ, ಬರೀ ಕಪ್ಪು ಬಿಳುಪು. ಕತೆ ನಡೆಯುವುದು ನಡು ನೈಜೀರಿಯಾದ ಜೋಸ್ ಪ್ರಸ್ಥಭೂಮಿಯಲ್ಲಿ, ಇತಿಹಾಸಕ್ಕೂ ಹಿಂದೆ. ಆಳುವವರು ಎಶು ಎಂಬ ಹೆಂಗಸರು, ದುಡಿಯುವವರು ಕೋಬಾ ಎಂಬ ಗಂಡಸರು. ದೊರೆಸಾನಿಯರು ಒಳ್ಳೆಯವರಲ್ಲ, ದುಡಿಸಿಕೊಳ್ಳುವವರು. ಅಂದರೆ ಓಜಿ ಓಡುಟೋಲಾ ಆಫ್ರಿಕಾವನ್ನು ಚಂದ ಮಾಡಿ ತೋರಿಸಲು ಹೊರಟವರಲ್ಲ. ಅಧಿಕಾರ ಯಾರ ಕೈಗೆ ಬಂದರೆ ಏನಾಗುತ್ತದೆ ಅನ್ನುವ ಕತೆಗೂ ಆ ನೆಲ ಸಾಕಾಗುತ್ತದೆ. ಗ್ಯಾಲರಿಯ ಗೋಡೆ ಬಾಗಿದೆ, ಹಾಗಾಗಿ ನಡೆದಷ್ಟೇ ಕತೆ ಕಾಣುತ್ತದೆ. ನಾನು ಫೋನಿನಲ್ಲಿ ಸರಸರ ಸ್ಕ್ರಾಲ್ ಮಾಡಿ ಕೊನೆಯ ಚಿತ್ರಕ್ಕೆ ಹೋಗಿದ್ದೆ, ತಪ್ಪು ಮಾಡಿದೆ.

ಹೋಲಿಕೆಗೆ ಒಬ್ಬರು ಬೇಕು ಅಂದರೆ ಕಲಾವಿದೆ ನ್ಜಿದೆಕಾ ಅಕುನ್ಯಿಲಿ ಕ್ರಾಸ್ಬಿ. 1983ರಲ್ಲಿ ನೈಜೀರಿಯಾದ ಎನುಗುವಿನಲ್ಲಿ ಹುಟ್ಟಿ 1999ರಲ್ಲಿ ಅಮೆರಿಕಕ್ಕೆ ಹೋದವರು. ಅವರು ಕತೆ ಕಟ್ಟುವುದಿಲ್ಲ. ಕುಟುಂಬದ ಫೋಟೊ, ನೈಜೀರಿಯಾದ ಪತ್ರಿಕೆಗಳ ಚಿತ್ರ ಇವುಗಳ ಪಡಿಯಚ್ಚನ್ನು ತಮ್ಮ ಮನೆಯೊಳಗಿನ ದೃಶ್ಯಗಳ ಮೇಲೆ ಇಳಿಸುತ್ತಾರೆ. ಒಬ್ಬರದು ಇಲ್ಲದ ಮನೆ, ಇನ್ನೊಬ್ಬರದು ಇದ್ದ ಮನೆ. ಐದು ಮಾರ್ಕ್ಸ್‌ಗೆ ಇಷ್ಟು ಸಾಕು.

ಕೊನೆಗೆ, ಹೆಸರು. ಉತ್ತರ ಪತ್ರಿಕೆಯಲ್ಲಿ 'ಓಡುಟೋಲಾ' ಅಂತಷ್ಟೇ ಬರೆಯಬೇಡಿ. ಓಜಿ ನಡುವಿನ ಹೆಸರಲ್ಲ, ತಾಯಿ ಕಡೆಯದು. ಓಡುಟೋಲಾ ತಂದೆ ಕಡೆಯದು. ಎರಡೂ ಸೇರಿ ಮನೆಹೆಸರು.