ಬೆಂಕಿಗೂ ಮೊದಲು ಗಾಳಿ: ಗೇಮ್ ಎಂಜಿನ್‌ನಲ್ಲಿ ಹೊಗೆ ಮತ್ತು ಉರಿ ಕಲಿಯುವವರಿಗೆ

ಮೊದಲ ಮೂರು ವಾರ ನಾನು ಬಣ್ಣ ತಿದ್ದುವುದರಲ್ಲೇ ಕಳೆದೆ. ಕಿತ್ತಳೆಯನ್ನು ಕೊಂಚ ಕೆಂಪಿಗೆ ಎಳೆದೆ, ಹಳದಿಯ ಹೊಳಪು ಹೆಚ್ಚಿಸಿದೆ, ಆದರೂ ಪರದೆಯ ಮೇಲಿನ ಉರಿ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಹಾಗೆಯೇ ಇತ್ತು. ಕೊನೆಗೊಂದು ಸಂಜೆ ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ ಎದುರು ಕುಳಿತೆ. ಹೊಗೆ ಒಂದು ಗೇಣಿನಷ್ಟು ದಾರದಂತೆ ನೆಟ್ಟಗೆ ಏರಿತು, ಆಮೇಲೆ ತೊನೆಯಿತು, ಸುರುಳಿಯಾಯಿತು, ಚದುರಿತು. ಯಾರೋ ಬಾಗಿಲು ತೆರೆದರು. ಅಷ್ಟೂ ಚಿತ್ರ ಅಳಿಸಿಹೋಯಿತು. ಹೊಗೆಗೆ ಸ್ವಂತ ಆಕಾರವೇ ಇಲ್ಲ, ಕಣ್ಣಿಗೆ ಕಾಣದ ಗಾಳಿಗೆ ಬಳಿದ ಬಣ್ಣ ಅದು. ನನ್ನ ಪ್ರೋಗ್ರಾಮಿನಲ್ಲಿ ಬಣ್ಣವಿತ್ತು, ಗಾಳಿ ಇರಲಿಲ್ಲ.

ಆದ್ದರಿಂದ ಈ ಟಿಪ್ಪಣಿಯ ಬಹುಪಾಲು ಗಾಳಿಯ ಲೆಕ್ಕ. ಬೆಂಕಿ ತಡವಾಗಿ ಬರುತ್ತದೆ, ಬೇಸರಿಸಬೇಡಿ.

ಹಳೆಯ ದಾರಿ

ಆಟಗಳಲ್ಲಿ ಈಗಲೂ ಹೆಚ್ಚಿನ ಬೆಂಕಿ ಫ್ಲಿಪ್‌ಬುಕ್ಕಿನದು. ಮೊದಲೇ ತಯಾರಿಸಿದ ಉರಿಯ ಚಿತ್ರಗಳನ್ನು ಒಂದೇ ಟೆಕ್ಸ್ಚರ್‌ನಲ್ಲಿ (ಚಿತ್ರಹಾಳೆಯಲ್ಲಿ) ಎಂಟಡ್ಡ ಎಂಟುನೀಟ ಜೋಡಿಸಿ, ಆ 64 ಚಿತ್ರಗಳನ್ನು ಒಂದಾದಮೇಲೊಂದು ತೋರಿಸುವುದು. ಆ ಚಿತ್ರ ಹೊತ್ತ ಚಿಕ್ಕ ತುಣುಕುಗಳನ್ನು, ಅಂದರೆ ಹತ್ತಿಪ್ಪತ್ತು ಪಾರ್ಟಿಕಲ್‌ಗಳನ್ನು ಮೇಲಕ್ಕೆ ಹಾರಿಬಿಟ್ಟರೆ ದೂರದಿಂದ ಸೌದೆಯ ಬೆಂಕಿಯೇ ಸರಿ. ಇದನ್ನು ಕೀಳಾಗಿ ನೋಡಬೇಡಿ. ಖರ್ಚು ತೀರಾ ಕಡಿಮೆ. ತೊಂದರೆ ಒಂದೇ: ಆಟಗಾರ ಆ ಬೆಂಕಿಯ ನಡುವೆ ಓಡಿಹೋದರೂ ಅದಕ್ಕೆ ಗೊತ್ತಾಗುವುದಿಲ್ಲ.

ಗೊತ್ತಾಗಬೇಕು ಎನ್ನುವುದಾದರೆ ಗ್ರಿಡ್ ಬೇಕು.

ಚೌಕಾಬಾರದ ಮನೆಗಳು

ಬೆಂಕಿ ಉರಿಯುವ ಜಾಗದ ಸುತ್ತ ಒಂದು ಪೆಟ್ಟಿಗೆ ಕಲ್ಪಿಸಿಕೊಂಡು, ಅದನ್ನು ಚೌಕಾಬಾರದ ಮಣೆಯಂತೆ ಮನೆಗಳಾಗಿ ಕೊರೆಯಿರಿ. ಪ್ರತಿ ಮನೆಯಲ್ಲಿ ಬರೆದಿಡುವುದು ಮೂರೇ ಸಂಗತಿ: ಗಾಳಿಯ ವೇಗ, ಹೊಗೆಯ ಸಾಂದ್ರತೆ, ತಾಪಮಾನ. ಪ್ರತಿ ಫ್ರೇಮಿನಲ್ಲಿ ಇವುಗಳ ಹೊಸ ಬೆಲೆ ಹುಡುಕುವುದೇ ಸಿಮ್ಯುಲೇಶನ್. ಹಿಂದಿರುವುದು ದ್ರವ, ಅನಿಲಗಳ ಹರಿವನ್ನು ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣ. ಹೆಸರು ಕೇಳಿ ಹೆದರಬೇಕಿಲ್ಲ, ನಾವು ಅದನ್ನು ತುಂಡು ಮಾಡಿಯೇ ತಿನ್ನುತ್ತೇವೆ.

ಮನೆಗಳ ಸಂಖ್ಯೆಯ ಮೇಲೆ ಮಾತ್ರ ಕಣ್ಣಿಡಿ. ಉದ್ದ, ಅಗಲ, ಎತ್ತರ ಮೂರಕ್ಕೂ 128 ಮನೆ ಎಂದರೆ ಒಟ್ಟು ಸುಮಾರು 21 ಲಕ್ಷ. ಬದಿಯನ್ನು 256 ಮಾಡಿದರೆ ಎರಡು ಪಟ್ಟಲ್ಲ, ಎಂಟು ಪಟ್ಟು: 1.68 ಕೋಟಿ. ಒಂದು ಮನೆಗೆ ವೇಗ ಬರೆಯಲು 8 ಬೈಟ್ ಹಿಡಿದರೆ ಮೊದಲನೆಯದಕ್ಕೆ 16 ಎಂಬಿ, ಎರಡನೆಯದಕ್ಕೆ 128 ಎಂಬಿ. ಓದಲೊಂದು, ಬರೆಯಲೊಂದು ಎಂದು ಎರಡೆರಡು ಪ್ರತಿ ಬೇಕಾಗುವುದರಿಂದ ಅದೂ ಇಮ್ಮಡಿ. ಸೆಕೆಂಡಿಗೆ 60 ಫ್ರೇಮ್ ಓಡಬೇಕಾದರೆ ಇಡೀ ಆಟಕ್ಕೆ ಸಿಗುವುದು 16.67 ಮಿಲಿಸೆಕೆಂಡ್. ಅದರಲ್ಲಿ ಹೊಗೆಯ ಪಾಲು ಎರಡು ಮೂರು ಸಿಕ್ಕರೆ ಪುಣ್ಯ.

ಹಿಂದಕ್ಕೆ ನೋಡುವ ಉಪಾಯ

ಗಾಳಿ ಹೊಗೆಯನ್ನು ಹೊತ್ತೊಯ್ಯುವ ಹಂತಕ್ಕೆ ಅಡ್ವೆಕ್ಷನ್ ಎನ್ನುತ್ತಾರೆ. ನಾನು ಮೊದಲು ಬರೆದದ್ದು ಸಹಜವಾಗಿ ಹೊಳೆಯುವ ಕ್ರಮ: ಈ ಮನೆಯ ಹೊಗೆಯನ್ನು ಗಾಳಿ ಬೀಸುವ ಕಡೆಯ ಮನೆಗೆ ತಳ್ಳು. ಗಾಳಿ ಮೆಲ್ಲಗಿರುವವರೆಗೆ ನಡೆಯಿತು. ಜೋರಾದಂತೆ ಬೆಲೆಗಳು ಉಬ್ಬುತ್ತಾ ಹೋಗಿ, ಕೆಲವೇ ಫ್ರೇಮುಗಳಲ್ಲಿ ಪರದೆ ಪೂರ್ತಿ ಕಪ್ಪಾಯಿತು. ಒಂದು ಮನೆಯ ಬೆಲೆ ಸಂಖ್ಯೆಯೇ ಅಲ್ಲದ್ದಾಗಿ, ಅಂಟುರೋಗದಂತೆ ನೆರೆಮನೆಗಳಿಗೆಲ್ಲ ಹಬ್ಬಿತ್ತು.

ಇದಕ್ಕೆ ಮದ್ದನ್ನು 1999ರ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಸಂಶೋಧಕ ಯೋಸ್ ಸ್ಟಾಮ್ ಕೊಟ್ಟರು. 2003ರಲ್ಲಿ ಅದನ್ನೇ ಆಟ ಬರೆಯುವವರಿಗೆಂದು ಚಿಕ್ಕ ಸಿ ಪ್ರೋಗ್ರಾಮಿನ ಜೊತೆ ವಿವರಿಸಿದರು. ಉಪಾಯ ಸರಳ: ಮುಂದಕ್ಕೆ ತಳ್ಳಬೇಡ, ಹಿಂದಕ್ಕೆ ನೋಡು. ಪ್ರತಿ ಮನೆಯೂ ‘ನನ್ನಲ್ಲಿಗೆ ಈಗ ಬಂದ ಗಾಳಿ ಒಂದು ಹೆಜ್ಜೆ ಹಿಂದೆ ಎಲ್ಲಿತ್ತು?’ ಎಂದು ಕೇಳಿ, ಅಲ್ಲಿನ ಬೆಲೆಯನ್ನು ತಂದುಕೊಳ್ಳುತ್ತದೆ.

ಕೈಯಲ್ಲೇ ಲೆಕ್ಕ ಮಾಡಿ ನೋಡೋಣ. ನಾವಿರುವುದು 10ನೇ ಮನೆ, ಗಾಳಿ ಒಂದು ಹೆಜ್ಜೆಗೆ 2.4 ಮನೆ ಬಲಕ್ಕೆ ಓಡುತ್ತಿದೆ. ಹಿಂದಕ್ಕೆ ಹೋದರೆ 7.6 ಸಿಗುತ್ತದೆ. ಅದು 7 ಮತ್ತು 8ನೇ ಮನೆಗಳ ನಡುವೆ. 7ರಲ್ಲಿ ಹೊಗೆ 0, 8ರಲ್ಲಿ 1 ಇದ್ದರೆ ನಮ್ಮ ಪಾಲು 0.6. ಇದರಲ್ಲಿ ಎರಡು ಪಾಠವಿದೆ. ಹೊಸ ಬೆಲೆ ಯಾವಾಗಲೂ ಹಳೆಯ ಎರಡು ಬೆಲೆಗಳ ನಡುವೆಯೇ ಬೀಳುವುದರಿಂದ, ಗಾಳಿ ಎಷ್ಟೇ ಜೋರಾದರೂ ಲೆಕ್ಕ ಸ್ಫೋಟಿಸುವುದಿಲ್ಲ. ಆದರೆ 0 ಮತ್ತು 1ರ ನಡುವಿನ ಚೂಪಾದ ಅಂಚು ಒಂದೇ ಹೆಜ್ಜೆಯಲ್ಲಿ 0.6 ಆಗಿ ಮಬ್ಬಾಯಿತು. ಸೆಕೆಂಡಿಗೆ 60 ಸಲ ಹೀಗೆ ಉಜ್ಜಿದರೆ ಸುರುಳಿಗಳೆಲ್ಲ ಸವೆದು ಹೊಗೆ ಹತ್ತಿಯಂತಾಗುತ್ತದೆ. ಗಾಳಿಯ ಸ್ನಿಗ್ಧತೆಯನ್ನು (ಹರಿವನ್ನು ತಡೆಯುವ ಅಂಟುಗುಣವನ್ನು) ನಾವು ಪ್ರತ್ಯೇಕವಾಗಿ ಲೆಕ್ಕ ಹಾಕುವುದೇ ಇಲ್ಲ. ಈ ಮಬ್ಬೇ ಅದಕ್ಕಿಂತ ಹೆಚ್ಚು.

ಸವೆದದ್ದನ್ನು ಮರಳಿ ತರಲು 2001ರಲ್ಲಿ ಫೆಡ್ಕಿವ್, ಸ್ಟಾಮ್ ಮತ್ತು ಯೆನ್ಸೆನ್ ಹೊಗೆಗೆ ಅಳವಡಿಸಿದ ದಾರಿ ವೋರ್ಟಿಸಿಟಿ ಕನ್ಫೈನ್‌ಮೆಂಟ್. ಎಲ್ಲೆಲ್ಲಿ ಸುಳಿ ಇದೆಯೋ ಹುಡುಕಿ, ಅದು ತಿರುಗುವ ದಿಕ್ಕಿನಲ್ಲೇ ಸ್ವಲ್ಪ ತಳ್ಳುವುದು. ಉಪ್ಪಿನಂತೆ ಹಾಕಿ. ಹೆಚ್ಚಾದರೆ ಹೊಗೆ ಏರುವುದನ್ನು ಬಿಟ್ಟು ಕೊತಕೊತ ಕುದಿಯತೊಡಗುತ್ತದೆ.

ಒತ್ತಡ: ಯಾರೂ ಹೇಳದ ಮುಖ್ಯ ಹಂತ

ಬಿಸಿ ಗಾಳಿಯನ್ನು ಮೇಲಕ್ಕೆ ತಳ್ಳುವುದು ಒಂದು ಸಾಲಿನ ಕೆಲಸ: ಸುತ್ತಲಿಗಿಂತ ಎಷ್ಟು ಬಿಸಿಯೋ ಅಷ್ಟು ಮೇಲ್ಮುಖ ಬಲ, ಹೊಗೆ ದಟ್ಟವಾಗಿದ್ದಷ್ಟೂ ಅದರಲ್ಲಿ ಸ್ವಲ್ಪ ಕಡಿತ. ಇಷ್ಟನ್ನೇ ಬರೆದು ಓಡಿಸಿ ನೋಡಿ. ಹೊಗೆ ಲಿಫ್ಟ್ ಹತ್ತಿದಂತೆ ನೆಟ್ಟಗೆ ಮೇಲೆ ಹೋಗುತ್ತದೆ. ಒಂದೂ ಸುರುಳಿಯಿಲ್ಲ, ಅಣಬೆಯಂಥ ತಲೆಯಿಲ್ಲ.

ಯಾಕೆಂದರೆ ನಿಜವಾದ ಗಾಳಿ ಏರಬೇಕಾದರೆ ಮೇಲಿರುವ ಗಾಳಿ ಪಕ್ಕಕ್ಕೆ ಸರಿಯಬೇಕು, ಬಿಟ್ಟ ಜಾಗಕ್ಕೆ ಬದಿಯಿಂದ ಇನ್ನೊಂದಿಷ್ಟು ನುಗ್ಗಬೇಕು. ತುಂಬಿದ ಬಸ್ಸಿನಲ್ಲಿ ಒಬ್ಬರು ಹಿಂಬಾಗಿಲಿಗೆ ಹೊರಟರೆ ಎಲ್ಲರೂ ಮೈ ತಿರುಗಿಸಬೇಕಲ್ಲ, ಹಾಗೆ. ಆ ಸರಿದಾಟವೇ ಸುರುಳಿ. ಇದನ್ನು ಲೆಕ್ಕಕ್ಕೆ ತರುವುದು ಒತ್ತಡ. ಒಂದು ಮನೆಯಿಂದ ಹೋಗುವ ಗಾಳಿಯಲ್ಲಿ ಬರುವ ಗಾಳಿಯನ್ನು ಕಳೆದಾಗ ಉಳಿಯುವ ವ್ಯತ್ಯಾಸ ಡೈವರ್ಜೆನ್ಸ್. ಅದನ್ನು ಸೊನ್ನೆಗೆ ಇಳಿಸುವಂಥ ಒತ್ತಡವನ್ನು ಹುಡುಕಿ, ಆ ಒತ್ತಡದ ಏರಿಳಿತವನ್ನು ವೇಗದಿಂದ ಕಳೆಯುತ್ತೇವೆ.

ಹುಡುಕುವ ಸುಲಭ ವಿಧಾನ ಜಾಕೋಬಿಯದು: ಆರು ನೆರೆಮನೆಗಳ ಒತ್ತಡ ಕೂಡಿ, ಡೈವರ್ಜೆನ್ಸ್ ಕಳೆದು, ಆರರಿಂದ ಭಾಗಿಸು, ಮತ್ತೆ ಮಾಡು, ಮತ್ತೆ ಮಾಡು. ಗ್ರಾಫಿಕ್ಸ್ ಚಿಪ್ಪಾದ ಜಿಪಿಯುಗೆ ಇದು ಹಬ್ಬದೂಟ. ಆದರೆ ಒಂದು ಸುತ್ತಿಗೆ ಸುದ್ದಿ ಒಂದೇ ಮನೆ ದಾಟುತ್ತದೆ ಎಂಬುದನ್ನು ಗಮನಿಸಿ. 20 ಸುತ್ತು ಹಾಕಿದರೆ 128 ಮನೆ ಎತ್ತರದ ಪೆಟ್ಟಿಗೆಯಲ್ಲಿ ನೆಲದ ಸಮಾಚಾರ ಚಾವಣಿಗೆ ತಲುಪಿರುವುದಿಲ್ಲ. ನಾನು ಸುತ್ತುಗಳನ್ನು 5ರಿಂದ 40ಕ್ಕೆ ಏರಿಸಿದ ದಿನ, ಬಣ್ಣಕ್ಕೆ ಕೈ ಹಚ್ಚದೆಯೇ, ಹೊಗೆಗೆ ತಲೆ ಮೂಡಿತು. ಗ್ರಿಡ್ ದೊಡ್ಡದು ಮಾಡುವ ಮೊದಲು ಸುತ್ತು ಹೆಚ್ಚಿಸಿ ನೋಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಅನ್‌ರಿಯಲ್ ಎಂಜಿನ್ 5 ಎಂಬ ಗೇಮ್ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಬಳಸುವವರು ಅದರ ನಯಾಗರಾ ಫ್ಲೂಯಿಡ್ಸ್ ಎಂಬ ಪ್ಲಗಿನ್ (ಸೇರಿಸಿಕೊಳ್ಳುವ ಭಾಗ) ಚಾಲೂ ಮಾಡಿದರೆ ಇದೆಲ್ಲ ಸಿದ್ಧವಾಗಿಯೇ ಸಿಗುತ್ತದೆ. ಮೊದಲು 2ಡಿ ಗ್ಯಾಸ್ ಮಾದರಿಯನ್ನು ತೆರೆದು, ರೆಸಲ್ಯೂಶನ್ ಮತ್ತು ಒತ್ತಡದ ಸುತ್ತುಗಳನ್ನು ಒಂದೊಂದಾಗಿ ಬದಲಿಸಿ. ಎರಡನ್ನೂ ಒಟ್ಟಿಗೆ ತಿರುವಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಈಗ ಬೆಂಕಿ

ಗಾಳಿ ಸರಿಯಾದ ಮೇಲೆ ಬೆಂಕಿಗೆ ಬೇಕಾದ್ದು ಸ್ವಲ್ಪವೇ. ಇಂಧನವೆಂದು ಇನ್ನೊಂದು ಸಂಖ್ಯೆ. ಅದು ಉರಿದಷ್ಟೂ ತಾಪ ಏರುತ್ತದೆ, ಹೊಗೆ ಹುಟ್ಟುತ್ತದೆ. ತಾಪ ಇಳಿಯುವುದನ್ನು ನಾಲ್ಕನೇ ಘಾತದಲ್ಲಿಡಿ: ತೀರಾ ಬಿಸಿಯಾದದ್ದು ಬೇಗ ಆರಿ, ಮಂದಬಿಸಿ ನಿಧಾನ ಆರುತ್ತದೆ. ಉರಿಯ ನಾಲಿಗೆ ತುದಿಯಲ್ಲಿ ಹರಿದಂತೆ ಕಾಣುವುದು ಇದರಿಂದ. ಸ್ಫೋಟ ಬೇಕೆಂದರೆ ಮಾತ್ರ ಡೈವರ್ಜೆನ್ಸನ್ನು ಬೇಕೆಂದೇ ಸೊನ್ನೆಗಿಂತ ಹೆಚ್ಚಿಗೆ ಬಿಡಿ, ಅನಿಲ ಹಿಗ್ಗುತ್ತದೆ.

ಬಣ್ಣಕ್ಕೆ ಕೃಷ್ಣಕಾಯ ವಿಕಿರಣದ ಪಟ್ಟಿ, ಅಂದರೆ ಕಾದ ವಸ್ತು ಯಾವ ತಾಪದಲ್ಲಿ ಯಾವ ಬಣ್ಣಕ್ಕೆ ಹೊಳೆಯುತ್ತದೆಂಬ ಪಟ್ಟಿ ಸಾಕು: 1,000 ಕೆಲ್ವಿನ್ ಸುತ್ತ ಕಡುಗೆಂಪು, 2,000ದ ಹತ್ತಿರ ಕಿತ್ತಳೆ-ಹಳದಿ. ಆದರೆ ಅಡುಗೆಮನೆಯ ಗ್ಯಾಸ್ ಒಲೆಯ ನೀಲಿ ಈ ಪಟ್ಟಿಯಲ್ಲಿ ಸಿಗುವುದಿಲ್ಲ. ಹಳದಿ ಉರಿ ಎಂದರೆ ಕಾದು ಹೊಳೆಯುವ ಮಸಿಯ ಕಣ. ನೀಲಿ ಉರಿಯಲ್ಲಿ ಮಸಿಯಿಲ್ಲ, ಆ ಬೆಳಕು ಉರಿಯುವ ಕ್ರಿಯೆಯಲ್ಲಿ ಹುಟ್ಟುವ ಅಣುತುಣುಕುಗಳದು. ಪಟ್ಟಿಯಿಂದ ನೀಲಿ ತೆಗೆಯಲು ಹೊರಟರೆ 10,000 ಕೆಲ್ವಿನ್ ಒಲೆ ಬೇಕಾದೀತು. ಉರಿಯ ಬುಡದಲ್ಲಿ, ಇಂಧನ ಆಗತಾನೆ ಹೊತ್ತಿಕೊಳ್ಳುವ ಕಡೆ, ನೀಲಿಯನ್ನು ಕೈಯಾರೆ ಬೆರೆಸಿ.

ತೋರಿಸುವ ಖರ್ಚು

ಲೆಕ್ಕಕ್ಕಿಂತ ತೋರಿಸುವುದೇ ದುಬಾರಿ. ಪ್ರತಿ ಪಿಕ್ಸೆಲ್‌ನಿಂದ ಪೆಟ್ಟಿಗೆಯೊಳಗೆ ಒಂದು ಕಿರಣ ಬಿಟ್ಟು, ಹೆಜ್ಜೆಹೆಜ್ಜೆಗೂ ಹೊಗೆ ಎಷ್ಟು ಬೆಳಕು ನುಂಗಿತೆಂದು ನೋಡುವುದು ರೇ ಮಾರ್ಚಿಂಗ್. ಒಂದು ಹೆಜ್ಜೆಗೆ ಹತ್ತನೇ ಒಂದು ಪಾಲು ನುಂಗಿದರೆ ಹತ್ತು ಹೆಜ್ಜೆಯ ನಂತರ ಉಳಿಯುವುದು ಶೇ. 35. 44 ಹೆಜ್ಜೆಗೆ ಶೇ. 1ಕ್ಕೂ ಕಡಿಮೆ, ಅಲ್ಲಿಗೇ ಕಿರಣವನ್ನು ನಿಲ್ಲಿಸಿಬಿಡಿ.

ಹೊಗೆಯ ಮೇಲೆ ಹೊಗೆಯದೇ ನೆರಳು ಬೀಳಬೇಕೆಂದರೆ ಪ್ರತಿ ಹೆಜ್ಜೆಯಿಂದ ದೀಪದ ಕಡೆಗೂ ಕಿರಣ ಬೇಕು. 1920x1080 ಪರದೆ, 64 ಹೆಜ್ಜೆ, ಪ್ರತಿಯೊಂದಕ್ಕೂ ನೆರಳಿನ 8 ಹೆಜ್ಜೆ: ಫ್ರೇಮಿಗೆ 106 ಕೋಟಿ ಸಲ ಟೆಕ್ಸ್ಚರ್ ಓದಬೇಕು. ಅದರ ಬದಲು ನೆರಳನ್ನು ಪಿಕ್ಸೆಲ್ಲಿಗಲ್ಲ, 128ರ ಗ್ರಿಡ್ಡಿನ ಪ್ರತಿ ಮನೆಗೆ 8 ಹೆಜ್ಜೆಯಂತೆ ಒಮ್ಮೆ ಲೆಕ್ಕ ಹಾಕಿಟ್ಟರೆ ಅದು 1.68 ಕೋಟಿಗೆ ಮುಗಿಯುತ್ತದೆ. ನಂತರ ಅರ್ಧ ಅಗಲ, ಅರ್ಧ ಎತ್ತರದ ಚಿತ್ರದಲ್ಲಿ ಹೊಗೆ ಬಿಡಿಸಿ ಹಿಗ್ಗಿಸಿದರೆ ಕಿರಣಗಳ 64 ಹೆಜ್ಜೆಗೆ ಇನ್ನು 3.3 ಕೋಟಿ. ಹೊಗೆಯ ಅಂಚು ಮೊದಲೇ ಮಸುಕು, ಕಣ್ಣು ದೂರುವುದಿಲ್ಲ.

ಇಷ್ಟಾದ ಮೇಲೂ ನನ್ನ ಆಟದ ಹತ್ತು ಬೆಂಕಿಗಳಲ್ಲಿ ಒಂಬತ್ತು ಫ್ಲಿಪ್‌ಬುಕ್ಕೇ. ನಯಾಗರಾದಲ್ಲಿರುವ ಬೇಕರ್ (ಸಿಮ್ಯುಲೇಶನ್ನನ್ನು ಚಿತ್ರಗಳಾಗಿ ಉಳಿಸುವ ಸಲಕರಣೆ) ಬಳಸಿ ನನ್ನದೇ ಸಿಮ್ಯುಲೇಶನ್ನಿನಿಂದ ತೆಗೆದವು. ಹತ್ತನೆಯದು ಮಾತ್ರ ಆಟದ ಹೊತ್ತಿನಲ್ಲೇ ಲೆಕ್ಕ ಹಾಕುವಂಥದ್ದು, ಬಾಗಿಲ ಬಳಿ ಇದೆ. 2023ರ ಕೌಂಟರ್-ಸ್ಟ್ರೈಕ್ 2 ಎಂಬ ಗುಂಡಿನ ಕಾಳಗದ ಆಟದಲ್ಲಿ ಹೊಗೆ ಬಾಂಬಿನ ಹೊಗೆ ಗೋಡೆ, ಮೆಟ್ಟಿಲು ನೋಡಿಕೊಂಡು ತುಂಬುವುದನ್ನೂ, ಗುಂಡು ಹಾಯ್ದ ಕಡೆ ಕಿಂಡಿ ಬೀಳುವುದನ್ನೂ ನೋಡಿದ ಮೇಲೆ ಹುಟ್ಟಿದ ಆಸೆ ಅದು. ಬಾಗಿಲು ತೆರೆದರೆ ಹೊಗೆ ಹೊರಕ್ಕೆ ಬಾಗುತ್ತದೆ. ಮುಚ್ಚಿದರೆ ಚಾವಣಿಗೆ ತಾಗಿ ಹರಡಿ ಕೆಳಗಿಳಿಯುತ್ತದೆ. ಬಾಗಿಲ ರೆಕ್ಕೆಯ ಹಿಂಬದಿ ಒಂದೆರಡು ಮನೆಗಳಲ್ಲಿ ಹೊಗೆ ಇನ್ನೂ ಮರದೊಳಗಿಂದ ಸೋರುತ್ತಿದೆ. ರೆಕ್ಕೆ ಗ್ರಿಡ್ಡಿನ ಒಂದು ಮನೆಗಿಂತ ತೆಳುವಾಗಿದೆ, ಅದನ್ನು ದಪ್ಪ ಮಾಡಬೇಕು.