ವಂಡರ್ ಗರ್ಲ್ ಎಂಬ ಗಂಟು: ಕಾಮಿಕ್ಸ್ ಕಂಟಿನ್ಯುಟಿಯ ಟಿಪ್ಪಣಿಗಳು

ಯಾವ ಹಳೆಯ ಕಥೆ ‘ನಡೆದದ್ದು’, ಯಾವುದು ಅಲ್ಲ ಎಂಬ ಲೆಕ್ಕಕ್ಕೆ ಕಾಮಿಕ್ಸ್ ಲೋಕದಲ್ಲಿ ಕಂಟಿನ್ಯುಟಿ ಎನ್ನುತ್ತಾರೆ. ಅದರ ಬಗ್ಗೆ ಅಮೆರಿಕದ ಡಿಸಿ ಕಾಮಿಕ್ಸ್ ಅಭಿಮಾನಿಗಳು ಆಡುವ ಜಗಳ ಅರ್ಥವಾಗಬೇಕಾದರೆ ಮೊದಲು ಎಲ್ಲ ಭೂಮಿಗಳ, ಅಂದರೆ ಕಥೆಗಳು ನಡೆಯುವ ಸಮಾನಾಂತರ ಲೋಕಗಳ, ಪಟ್ಟಿ ಬಾಯಿಪಾಠವಾಗಬೇಕು ಎನ್ನುವವರಿದ್ದಾರೆ. ಬೇಡ. ಇಷ್ಟು ಸಾಕು: 1940ರಲ್ಲಿ ಜೇ ಗ್ಯಾರಿಕ್ ಎಂಬ ಫ್ಲ್ಯಾಶ್, ಮಿಂಚಿನಂತೆ ಓಡುವ ಸೂಪರ್‌ಹೀರೋ, ಬಂದ. 1956ರಲ್ಲಿ ಅದೇ ಹೆಸರಿಟ್ಟುಕೊಂಡು ಬ್ಯಾರಿ ಆಲನ್ ಬಂದ. ಬ್ಯಾರಿಯ ಮೊದಲ ಕಥೆಯಲ್ಲಿ ಜೇ ಬರೀ ಕಾಮಿಕ್ಸ್ ಪುಸ್ತಕದ ಪಾತ್ರ. ಬ್ಯಾರಿ ಅವನ ಓದುಗ. 1961ರಲ್ಲಿ ಗಾರ್ಡ್ನರ್ ಫಾಕ್ಸ್ ಬರೆದ ಕಥೆಯಲ್ಲಿ ಇಬ್ಬರೂ ಮುಖಾಮುಖಿಯಾದರು, ಇಬ್ಬರದೂ ಬೇರೆ ಬೇರೆ ಭೂಮಿ ಎಂದು ಗೊತ್ತಾಯಿತು. ಮೊದಲು ಬಂದ ಹಳಬರ ಭೂಮಿಗೆ ಅರ್ಥ್-ಟು ಎಂದೂ ಆಮೇಲೆ ಬಂದವರದಕ್ಕೆ ಅರ್ಥ್-ಒನ್ ಎಂದೂ ಹೆಸರಾಯಿತು. ಇದು ಉಲ್ಟಾ ಅಲ್ಲವೇ ಎನ್ನುತ್ತೀರಾ? ಹೌದು, ಉಲ್ಟಾ. ಒಪ್ಪಿಕೊಂಡು ಮುಂದೆ ಹೋಗಿ.

ಕಾಲು ಶತಮಾನದಲ್ಲಿ ಭೂಮಿಗಳ ಸಂಖ್ಯೆ ಬೆಳೆಯಿತು. ಹೊಸ ಓದುಗರಿಗೆ ಗೊಂದಲವಾಗುತ್ತದೆಂದು 1985–86ರಲ್ಲಿ ಮಾರ್ವ್ ವೂಲ್ಫ್‌ಮನ್ ಬರೆದು ಜಾರ್ಜ್ ಪೆರೆಜ್ ಚಿತ್ರಿಸಿದ 12 ಸಂಚಿಕೆಗಳ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ ಎಲ್ಲವನ್ನೂ ಕರಗಿಸಿ ಒಂದೇ ಭೂಮಿ ಮಾಡಿತು. ಸೂಪರ್‌ಗರ್ಲ್ ಸತ್ತಳು, ಬ್ಯಾರಿ ಸತ್ತ. ಅಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು.

ಎಡವುವ ಜಾಗ

ಲೆಕ್ಕ ಏಕೆ ಚುಕ್ತಾ ಆಗಲಿಲ್ಲ ಎಂಬುದನ್ನು ನಿಧಾನವಾಗಿ ನೋಡಬೇಕು. ‘ಕ್ರೈಸಿಸ್ ನಂತರ ಡಿಸಿ ಹೊಸದಾಗಿ ಶುರುವಾಯಿತು’ ಎಂಬ ವಾಕ್ಯ ಎಲ್ಲೆಡೆ ಸಿಗುತ್ತದೆ. ಅದನ್ನು ನಂಬಿದರೆ ಮುಂದಿನ ಒಂದು ಜಗಳವೂ ತಲೆಗೆ ಹತ್ತುವುದಿಲ್ಲ. ಎಲ್ಲ ಪತ್ರಿಕೆಗಳೂ ಒಂದೇ ದಿನ ಶೂನ್ಯದಿಂದ ಶುರುವಾಗಲಿಲ್ಲ. ಸೂಪರ್‌ಮ್ಯಾನ್ 1986ರಲ್ಲಿ ಜಾನ್ ಬರ್ನ್ ಕೈಯಲ್ಲಿ ಹೊಸದಾಗಿ ಹುಟ್ಟಿದ. ವಂಡರ್ ವುಮನ್ 1987ರಲ್ಲಿ ಪೆರೆಜ್ ಕೈಯಲ್ಲಿ ಹೊಸದಾಗಿ ಹುಟ್ಟಿದಳು. ಹದಿಹರೆಯದ ನಾಯಕರ ತಂಡದ ಕಥೆ ಹೇಳುವ ಟೈಟನ್ಸ್ ಪತ್ರಿಕೆ ಮಾತ್ರ ಏನೂ ಆಗದಂತೆ ಹಳೆಯ ಕಥೆಯನ್ನೇ ಮುಂದುವರಿಸಿತು. ಅಂದರೆ ಒಂದೇ ಭೂಮಿಯ ಮೇಲೆ ಕೆಲವರಿಗೆ ಹಳೆಯ ನೆನಪುಗಳಿವೆ, ಕೆಲವರು ಈಗಷ್ಟೇ ಬಂದಿದ್ದಾರೆ. ತಾತನ ಹೆಸರಿನ ಖಾತೆ ರದ್ದಾಗಿದೆ, ಅದೇ ಖಾತೆ ನಂಬಿ ಬರೆದ ಮೊಮ್ಮಕ್ಕಳ ಪಾಲುಪತ್ರ ಮಾತ್ರ ಇನ್ನೂ ಚಾಲ್ತಿಯಲ್ಲಿದೆ.

ಆ ಮೊಮ್ಮಗಳ ಹೆಸರು ಡೊನ್ನಾ ಟ್ರಾಯ್, ಅಂದರೆ ವಂಡರ್ ಗರ್ಲ್.

ಇವಳನ್ನು ಅರ್ಥ ಮಾಡಿಕೊಂಡರೆ ಉಳಿದ ಜಗಳಗಳೆಲ್ಲ ಸುಲಭ, ಹಾಗಾಗಿ ಮೊದಲಿನಿಂದ ಹೇಳುತ್ತೇನೆ. ವಂಡರ್ ಗರ್ಲ್ ಎಂದರೆ ಮೂಲದಲ್ಲಿ ಬೇರೊಬ್ಬಳಲ್ಲ. ವಂಡರ್ ವುಮನ್ ಡಯಾನಾಳ ಹದಿಹರೆಯದ ರೂಪ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಕಾನಿಗರ್ ಬರೆದ ‘ಅಸಾಧ್ಯ ಕಥೆ’ಗಳಲ್ಲಿ ಹುಡುಗಿ ಡಯಾನಾ, ದೊಡ್ಡ ಡಯಾನಾ ಒಟ್ಟಿಗೆ ಕಾಣಿಸಿಕೊಳ್ಳುತ್ತಿದ್ದರು. ರಾಣಿ ಹಿಪ್ಪೊಲಿಟಾ ಮಗಳ ಬೇರೆ ಬೇರೆ ವಯಸ್ಸಿನ ಚಲನಚಿತ್ರಗಳನ್ನು ಕತ್ತರಿಸಿ ಜೋಡಿಸಿದ್ದಾಳೆ ಎಂಬುದು ಅದಕ್ಕೆ ನೆಪ. 1965ರಲ್ಲಿ ಲೇಖಕ ಬಾಬ್ ಹೇನಿ, ದೊಡ್ಡ ಹೀರೋಗಳ ಕಿರಿಯ ಜೊತೆಗಾರರಾದ ರಾಬಿನ್ (ಬ್ಯಾಟ್‌ಮ್ಯಾನ್ ಜೊತೆಗಾರ), ಕಿಡ್ ಫ್ಲ್ಯಾಶ್, ಆಕ್ವಾಲ್ಯಾಡ್ ಜೊತೆ ವಂಡರ್ ಗರ್ಲ್‌ಳನ್ನೂ ಟೀನ್ ಟೈಟನ್ಸ್ ತಂಡಕ್ಕೆ ಸೇರಿಸಿದರು. ಡಯಾನಾ ವರ್ತಮಾನದಲ್ಲಿ ದೊಡ್ಡವಳಾಗಿ ಓಡಾಡುತ್ತಿರುವಾಗ ಅವಳದೇ ಬಾಲ್ಯ ಪಕ್ಕದ ತಂಡದಲ್ಲಿ ಹೇಗೆ ಇರಲು ಸಾಧ್ಯ? 1969ರಲ್ಲಿ ವೂಲ್ಫ್‌ಮನ್ ಉತ್ತರ ಕೊಟ್ಟರು: ಇವಳು ಬೇರೆಯೇ ಹುಡುಗಿ, ಉರಿಯುತ್ತಿದ್ದ ಕಟ್ಟಡದಿಂದ ವಂಡರ್ ವುಮನ್ ಕಾಪಾಡಿದ ಅನಾಥೆ. ಆ ಅನಾಥೆಯ ಹೆತ್ತವರನ್ನು ಹುಡುಕುವ ಕಥೆಯನ್ನು 1984ರಲ್ಲಿ ಇದೇ ವೂಲ್ಫ್‌ಮನ್, ಪೆರೆಜ್ ಜೋಡಿ ಮಾಡಿತು. ಅದು ಬಹಳ ಒಳ್ಳೆಯ ಕಥೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಈಗ 1987ಕ್ಕೆ ಬನ್ನಿ. ಪೆರೆಜ್ ಅವರ ಹೊಸ ಡಯಾನಾ ಮನುಷ್ಯರ ಜಗತ್ತಿಗೆ ಕಾಲಿಟ್ಟಿದ್ದೇ ಈಗ. ಡೊನ್ನಾ ವರ್ಷಗಳಿಂದ ಟೈಟನ್ಸ್ ತಂಡದಲ್ಲಿದ್ದಾಳೆ. ಹಾಗಾದರೆ ಬೆಂಕಿಯಿಂದ ಕಾಪಾಡಿದವರು ಯಾರು? ‘ವಂಡರ್’ ಎಂಬ ಹೆಸರು ಯಾರಿಂದ ಬಂತು? ಕಿರಿಯಳು ಹಿರಿಯಳಿಗಿಂತ ಮೊದಲೇ ಪ್ರಸಿದ್ಧಳಾಗಿಬಿಟ್ಟಳು. ಗಂಟನ್ನು ಬಿಚ್ಚಲು ಹೊರಟಿದ್ದ ಇಬ್ಬರೇ ತಮ್ಮ ಅತ್ಯಂತ ಪ್ರೀತಿಯ ಪಾತ್ರವನ್ನು ಗಂಟು ಹಾಕಿದ್ದರು. 1988–89ರಲ್ಲಿ ತೇಪೆ ಬಂತು: ಕಾಪಾಡಿದ್ದು ಗ್ರೀಕ್ ಪುರಾಣದ ಟೈಟನ್‌ಗಳಲ್ಲಿ ಒಬ್ಬಳಾದ ರಿಯಾ. 1998ರಲ್ಲಿ ಜಾನ್ ಬರ್ನ್ ಇನ್ನೊಂದು ತೇಪೆ ಹಾಕಿದರು: ಡೊನ್ನಾ ಮಂತ್ರದಿಂದ ಮಾಡಿದ ಡಯಾನಾಳ ಪ್ರತಿರೂಪ, ಡಾರ್ಕ್ ಏಂಜೆಲ್ ಎಂಬವಳು ಇವಳನ್ನೇ ಡಯಾನಾ ಎಂದು ತಿಳಿದು ಕದ್ದೊಯ್ದು, ದುರಂತದಲ್ಲೇ ಮುಗಿಯುವ ಬದುಕುಗಳನ್ನು ಮತ್ತೆ ಮತ್ತೆ ಬದುಕುವ ಶಾಪ ಹಾಕಿದಳು. ಜಾಣತನ ನೋಡಿ, ಹಳೆಯ ಹುಟ್ಟುಕಥೆಗಳನ್ನೆಲ್ಲ ಈ ಶಾಪದ ಚೀಲದಲ್ಲಿ ತುಂಬಿಬಿಡಬಹುದು. ನನಗೇನೋ ಇದು ಇಷ್ಟವಾಗಲಿಲ್ಲ. 1984ರ ಡೊನ್ನಾಳಲ್ಲಿ ಹೆತ್ತವರನ್ನು ಹುಡುಕುವ ಸಾಮಾನ್ಯ ಹುಡುಗಿಯೊಬ್ಬಳಿದ್ದಳು. ಶಾಪ, ಮಂತ್ರಗಳ ನಡುವೆ ಆಕೆ ಕಳೆದುಹೋದಳು. ಅಭಿಮಾನಿಗಳ ಜಗಳದ ಬಿಸಿ ಇರುವುದು ಇಲ್ಲಿ. ಇಸವಿ ತಪ್ಪಾಯಿತೆಂಬುದಕ್ಕಿಂತ, ತಾವು ಅತ್ತು ಓದಿದ ಕಥೆ ‘ನಡೆದೇ ಇಲ್ಲ’ ಎಂದು ಹೇಳಿಸಿಕೊಳ್ಳಬೇಕಾದ ಸಿಟ್ಟು ಅವರದು.

ನನ್ನ ಸುಲಭ ದಾರಿ

ಯಾವುದೇ ಜಗಳ ಎದುರಾದರೆ ಒಂದೇ ಪ್ರಶ್ನೆ ಕೇಳಿ: ಈ ಪಾತ್ರದ ಹುಟ್ಟುಕಥೆಗೆ ಇನ್ನೊಬ್ಬ ಸೂಪರ್‌ಹೀರೋ ಇರಲೇಬೇಕೇ? ಬ್ಯಾಟ್‌ಮ್ಯಾನ್‌ಗೆ ಬೇಡ, ಒಂದು ಓಣಿ, ತಂದೆತಾಯಿ, ಒಂದು ಬಂದೂಕು ಇದ್ದರೆ ಆಯಿತು. ಹಾಗಾಗಿ ಅವನ ಬುಡ ಅಷ್ಟಾಗಿ ಅಲುಗಲಿಲ್ಲ. ಪವರ್ ಗರ್ಲ್‌ಗೆ ಅವಳ ದಾಯಾದಿ ಅಣ್ಣನಾದ ಅರ್ಥ್-ಟುವಿನ ಸೂಪರ್‌ಮ್ಯಾನ್ ಬೇಕು, ಆ ಭೂಮಿಯೇ ಹೋಯಿತು. ಅವಳನ್ನು ಅಟ್ಲಾಂಟಿಸ್ ವಂಶದವಳೆಂದು ಮಾಡಬೇಕಾಯಿತು. ಭವಿಷ್ಯದ ಯುವಕರ ತಂಡವಾದ ಲೀಜನ್ ಆಫ್ ಸೂಪರ್‌ಹೀರೋಸ್‌ಗೆ ಸ್ಫೂರ್ತಿಯಾಗಿ ಸೂಪರ್‌ಬಾಯ್, ಅಂದರೆ ಹುಡುಗ ಸೂಪರ್‌ಮ್ಯಾನ್, ಬೇಕು, ಬರ್ನ್ ಅವನನ್ನು ತೆಗೆದುಹಾಕಿದ್ದರು. ಟೈಮ್ ಟ್ರ್ಯಾಪರ್ ಎಂಬ ಖಳನಾಯಕ ಸೃಷ್ಟಿಸಿದ ಪುಟ್ಟ ವಿಶ್ವವೊಂದರಿಂದ ಬೇರೆ ಸೂಪರ್‌ಬಾಯ್‌ನನ್ನು ತರಬೇಕಾಯಿತು. ಜಸ್ಟೀಸ್ ಲೀಗ್ ಸ್ಥಾಪಕರಲ್ಲಿ ಡಯಾನಾಳ ಕುರ್ಚಿ ಖಾಲಿಯಾದಾಗ ಅಲ್ಲಿ ಬ್ಲ್ಯಾಕ್ ಕ್ಯಾನರಿ ಎಂಬ ಇನ್ನೊಬ್ಬ ನಾಯಕಿಯನ್ನು ಕೂರಿಸಿದರು.

2011ರಲ್ಲಿ ಡಿಸಿ ಎಲ್ಲ ಪತ್ರಿಕೆಗಳನ್ನೂ ಮತ್ತೆ ಒಂದರಿಂದ ಶುರುಮಾಡಿದ ‘ನ್ಯೂ 52’ಗೂ ಇದೇ ಪ್ರಶ್ನೆ ಹೊಂದುತ್ತದೆ. ಸೂಪರ್‌ಹೀರೋಗಳು ಬಂದು ಐದೇ ವರ್ಷ ಎಂದರು, ಬ್ಯಾಟ್‌ಮ್ಯಾನ್‌ಗೆ ಒಬ್ಬರಾದ ಮೇಲೊಬ್ಬರಂತೆ ರಾಬಿನ್ ಆದ ಡಿಕ್, ಜೇಸನ್, ಟಿಮ್, ಡೇಮಿಯನ್ ನಾಲ್ವರನ್ನೂ ಉಳಿಸಿಕೊಂಡರು. ಐದು ವರ್ಷದಲ್ಲಿ ನಾಲ್ಕು ರಾಬಿನ್! ಇದಕ್ಕೆ ವಿವರಣೆ ಬೇಡ.

ಮಾರ್ವೆಲ್, ಚುಟುಕಾಗಿ

ಡಿಸಿಯ ಪ್ರತಿಸ್ಪರ್ಧಿ ಪ್ರಕಾಶಕ ಮಾರ್ವೆಲ್. ಇಲ್ಲಿ ಭೂಮಿ ಒಡೆಯುವುದಕ್ಕಿಂತ ಕಾಲ ಜಾರುವುದೇ ಹೆಚ್ಚು. ಯಾವ ಇಸವಿಯಲ್ಲಿ ಓದಿದರೂ ಕಥೆಗಳು ಶುರುವಾದದ್ದು ಯಾವಾಗಲೂ ‘ಕೆಲವು ವರ್ಷಗಳ ಹಿಂದೆ’. ತಪ್ಪು ಹುಡುಕಿ, ಅದು ತಪ್ಪಲ್ಲವೆಂದು ಸಮರ್ಥಿಸಿಯೂ ತೋರಿಸಿದ ಓದುಗರಿಗೆ ಲೇಖಕ-ಸಂಪಾದಕ ಸ್ಟ್ಯಾನ್ ಲೀ ಕಾಲದಲ್ಲಿ ‘ನೋ-ಪ್ರೈಜ್’ ಎಂಬ ಖಾಲಿ ಲಕೋಟೆ ಬರುತ್ತಿತ್ತು. ಅಭಿಮಾನಿಯಾಗಿ ಕಂಟಿನ್ಯುಟಿಯ ಬಗ್ಗೆಯೇ ಪತ್ರಿಕೆ ಮಾಡಿದ ಮಾರ್ಕ್ ಗ್ರುಯೆನ್ವಾಲ್ಡ್ ಮುಂದೆ ಮಾರ್ವೆಲ್‌ನಲ್ಲೇ ಸಂಪಾದಕರಾದರು.

ಇಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ: ಹುಟ್ಟುಕಥೆಗೆ ನಿಜವಾದ ಇತಿಹಾಸ ಬೇಕೇ? 1963ರ ಐರನ್ ಮ್ಯಾನ್ ಗಾಯಗೊಂಡದ್ದು ವಿಯೆಟ್ನಾಂನಲ್ಲಿ. ಆಮೇಲೆ ಅದನ್ನು ಅಫ್ಘಾನಿಸ್ತಾನಕ್ಕೆ ಸರಿಸಿದರು, 2019ರಲ್ಲಿ ಸಿಯಾನ್‌ಕಾಂಗ್ ಎಂಬ ಕಲ್ಪಿತ ದೇಶದ ಯುದ್ಧವನ್ನೇ ಹುಟ್ಟಿಸಿದರು. ಐರನ್ ಮ್ಯಾನ್ ಆದ ಟೋನಿಗೆ ಯಾವುದೋ ಒಂದು ಯುದ್ಧವಿದ್ದರೆ ಸಾಕು. ಎಕ್ಸ್-ಮೆನ್ ಕಥೆಗಳ ಎದುರಾಳಿ ಮ್ಯಾಗ್ನೆಟೋಗೆ ಹಾಗಲ್ಲ. ಅವನು ಆಶ್ವಿಟ್ಜ್ ಎಂಬ ನಾಜಿ ಶಿಬಿರದಲ್ಲಿ ಬದುಕುಳಿದವನು. ಅದರ ಬದಲಿಗೆ ಕಲ್ಪಿತ ಶಿಬಿರ ಇಡಿ ಎನ್ನುವ ಓದುಗ ನನಗೆ ಸಿಕ್ಕಿಲ್ಲ. ಅದೃಷ್ಟಕ್ಕೆ 1974ರಲ್ಲಿ ಅವನನ್ನು ಕೂಸಾಗಿಸಿ, 1977ರಲ್ಲಿ ಮತ್ತೆ ಯೌವನಕ್ಕೆ ತಂದಿದ್ದರು. ಬೇರಾವುದೋ ಕಥೆಗಾಗಿ ಮಾಡಿದ ಆ ವಿಚಿತ್ರವೇ ಈಗ ಅವನ ವಯಸ್ಸಿನ ಲೆಕ್ಕಕ್ಕೆ ಆಸರೆ.