ವಿಡಿಯೊ ಕನ್ವರ್ಟ್ ಮಾಡಿದ ಮೇಲೆ ದನಿ ಯಾಕೆ ತಪ್ಪುತ್ತದೆ

ಕಲಬುರಗಿ ಕಡೆಯ ಊರೊಂದರ ರಾತ್ರಿ ಭಜನೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕನ್ವರ್ಟ್ ಮಾಡಿದ ಫೈಲ್ ಇದ್ದರೆ, ಚಿತ್ರಕ್ಕೂ ದನಿಗೂ ಎಷ್ಟು ತಪ್ಪಿದೆ ಎಂದು ಅಳೆಯುವ ಅಭ್ಯಾಸಕ್ಕೆ ಅದೇ ಸಾಕು. ತತ್ವಪದ ಹಾಡುವವರ ಕೈಯಲ್ಲಿ ತಾಳ ಇರುತ್ತದೆ. ಬಟ್ಟಲು ತಾಗುವ ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಕಣ್ಣಿಗೆ ಕಾಣುತ್ತದೆ, ಪೆಟ್ಟು ಕಿವಿಗೆ ಕೇಳುತ್ತದೆ. ಅಂತರ ಅಳೆಯಲು ತುಟಿ ಚಲನೆಗಿಂತ ಇದು ಖಚಿತ.

ಮೊದಲು ಅಳತೆ, ಆಮೇಲೆ ರಿಪೇರಿ. ಬ್ಲೂಟೂತ್ ಸ್ಪೀಕರ್ ಬಿಟ್ಟು ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ, ಬ್ಲೂಟೂತ್ ತಾನೇ ದನಿಯನ್ನು ತಡಮಾಡುತ್ತದೆ. ಫೈಲನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು ಶುರು, ನಡು, ಕೊನೆ ಮೂರೂ ಕಡೆ ತಾಳದ ಪೆಟ್ಟು ನೋಡಿ. ಜೆ, ಕೆ ಕೀಗಳು ದನಿಯನ್ನು ಪ್ರತಿ ಸಲ 50 ಮಿಲಿಸೆಕೆಂಡ್ ಸರಿಸುತ್ತವೆ. ಎರಡೂ ಕೂಡಿದಾಗಿನ ಅಂಕಿ ಬರೆದಿಡಿ. ದನಿ ಸುಮಾರು 45 ಮಿಲಿಸೆಕೆಂಡ್ ಮುಂದೆ ಹೋದರೂ ಗೊತ್ತಾಗುತ್ತದೆ; ಹಿಂದೆ ಬಿದ್ದರೆ 125ರವರೆಗೆ ಹೆಚ್ಚಿನವರಿಗೆ ತಿಳಿಯದು.

ಮೂರೂ ಕಡೆ ಒಂದೇ ಅಂಕಿ ಬಂದರೆ ಅದು ಸ್ಥಿರ ಅಂತರ. ರೀ-ಎನ್‌ಕೋಡ್ ಮಾಡದೆ, ಅಂದರೆ ಹೊಸದಾಗಿ ಸಂಕುಚಿಸದೆ ಕತ್ತರಿಸಿದಾಗ ಇದು ಸಾಮಾನ್ಯ: ಚಿತ್ರ ಕೀಫ್ರೇಮ್‌ನಲ್ಲಷ್ಟೇ (ಬೇರೆ ಫ್ರೇಮಿನ ಆಸರೆಯಿಲ್ಲದೆ ಪೂರ್ತಿ ಉಳಿಸಿದ ಫ್ರೇಮ್) ಶುರುವಾಗಬಲ್ಲದು, ದನಿಗೆ ಆ ಕಟ್ಟು ಇಲ್ಲ. ಎಫ್‌ಎಫ್‌ಎಂಪೆಗ್ (ffmpeg) ಎಂಬ ಕಮಾಂಡ್ ಬರೆದು ನಡೆಸುವ ತಂತ್ರಾಂಶದಲ್ಲಿ ಅದೇ ಫೈಲನ್ನು ಎರಡು ಸಲ ಇನ್‌ಪುಟ್ ಕೊಟ್ಟು, ಎರಡನೆಯದರ ಮುಂದೆ ಸಮಯ ಸರಿಸುವ ಐಟಿಎಸ್‌ಆಫ್‌ಸೆಟ್ (itsoffset) ಆಯ್ಕೆ ಬರೆದು, ಚಿತ್ರ ಮೊದಲನೆಯದರಿಂದ, ದನಿ ಎರಡನೆಯದರಿಂದ ಮ್ಯಾಪ್ ಮಾಡಿದರೆ (ಆರಿಸಿಕೊಂಡರೆ) ಮುಗಿಯಿತು.

ಹೋಗುತ್ತಾ ಹೋಗುತ್ತಾ ಅಂತರ ಬೆಳೆಯುವುದೇ ನಿಜವಾದ ತಲೆನೋವು. ಬಹುಪಾಲು ಮೊಬೈಲ್‌ಗಳು ಫ್ರೇಮ್‌ಗಳನ್ನು ಸಮ ಅಂತರದಲ್ಲಿ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಎಕ್ಸ್‌ಪೋಷರ್ (ಪ್ರತಿ ಫ್ರೇಮಿಗೆ ಬೆಳಕು ಹಿಡಿಯುವ ಸಮಯ) ಉದ್ದ ಮಾಡುತ್ತದೆ, ಸೆಕೆಂಡಿಗೆ 30 ಫ್ರೇಮ್ ಇದ್ದದ್ದು 24ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಪ್ರತಿ ಫ್ರೇಮಿಗೂ ಯಾವಾಗ ತೋರಿಸಬೇಕೆಂಬ ಟೈಮ್‌ಸ್ಟ್ಯಾಂಪ್ ಇರುವುದರಿಂದ ಮೂಲ ಫೈಲ್ ಸರಿಯಾಗಿಯೇ ಓಡುತ್ತದೆ. ಕನ್ವರ್ಟರ್ ಆ ಟೈಮ್‌ಸ್ಟ್ಯಾಂಪ್ ಬಿಟ್ಟು ಎಲ್ಲವನ್ನೂ 30ರಂತೆ ಜೋಡಿಸಿದರೆ ಚಿತ್ರ ಓಡಿಹೋಗುತ್ತದೆ, ದನಿ ಹಿಂದೆ ಉಳಿಯುತ್ತದೆ. ಮೂಲ ಫೈಲನ್ನು ಫೈಲಿನ ವಿವರ ತೋರಿಸುವ ಮೀಡಿಯಾಇನ್‌ಫೋದಲ್ಲಿ ತೆರೆದು ಫ್ರೇಮ್ ರೇಟ್ ಮೋಡ್ ನೋಡಿ. 'ವೇರಿಯಬಲ್' (ಅಸಮ ಅಂತರ) ಎಂದಿದ್ದರೆ ಮೊದಲ ಅನುಮಾನ ಅಲ್ಲಿಯೇ.

ಇದಕ್ಕೆ ಮದ್ದು ಮೂಲ ಫೈಲನ್ನು ಸಮ ಅಂತರಕ್ಕೆ ತರುವುದು. ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟರ್‌ನ ವಿಡಿಯೊ ಟ್ಯಾಬ್‌ನಲ್ಲಿ 30 ಆರಿಸಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಗುರುತು ಮಾಡಿ. ಎಡಿಟಿಂಗ್‌ಗೆ ಹಾಕುವ ಮೊದಲೇ ಇದನ್ನು ಮುಗಿಸಬೇಕು. ಎಫ್‌ಎಫ್‌ಎಂಪೆಗ್‌ನಲ್ಲಿ ಎಫ್‌ಪಿಎಸ್ ಮೋಡ್‌ಗೆ (fps_mode) ಸಿಎಫ್‌ಆರ್ (cfr), ಅಂದರೆ ಅದೇ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಕೊಡಿ. ಇಲ್ಲಿ ಹೊಸಬರು ಎಡವುವುದು ಫ್ರೇಮ್ ರೇಟ್ ಹೇಳುವ 'ಆರ್' (r) ಆಯ್ಕೆಯ ಜಾಗದಲ್ಲಿ. ಇನ್‌ಪುಟ್‌ಗಿಂತ ಮೊದಲು ಬರೆದರೆ ಮೂಲ ಟೈಮ್‌ಸ್ಟ್ಯಾಂಪ್ ಅಳಿದು ಹೊಸದು ಬರುತ್ತದೆ, ಅಂದರೆ ದೋಷವನ್ನು ನಾವೇ ಹುಟ್ಟಿಸಿದಂತೆ. ಇನ್‌ಪುಟ್ ಆದಮೇಲೆ ಬರೆದರೆ ಬೇಕಾದಲ್ಲಿ ಫ್ರೇಮ್ ನಕಲಾಗಿ ಅಥವಾ ಬಿದ್ದುಹೋಗಿ ಒಟ್ಟು ಅವಧಿ ಹಾಗೇ ಉಳಿಯುತ್ತದೆ.

ಎಷ್ಟು ಜಾರಿದೆ ಎನ್ನುವುದೂ ಕಾರಣ ಹೇಳುತ್ತದೆ. ಗಂಟೆಗೆ 3.6 ಸೆಕೆಂಡ್ ಆದರೆ 30 ಮತ್ತು 29.97 ಫ್ರೇಮ್ ರೇಟ್‌ಗಳು ಅದಲುಬದಲಾಗಿವೆ. ದನಿ ಕೀರಲಾಗಿ, ಒಂದು ಗಂಟೆಯದು ಸುಮಾರು 55 ನಿಮಿಷಕ್ಕೇ ಮುಗಿದರೆ 44,100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ದನಿ ಮಾದರಿ) ಆಡಿಯೊವನ್ನು 48,000 ಎಂದು ಓದಲಾಗಿದೆ. ಮೂಲವೇ ಕೈಗೆ ಸಿಗದಿದ್ದರೆ ಎಫ್‌ಎಫ್‌ಎಂಪೆಗ್‌ನಲ್ಲಿ ದನಿಯ ವೇಗ ಬದಲಿಸುವ ಎಟೆಂಪೊ (atempo) ಫಿಲ್ಟರ್ ಕೊನೆಯ ಉಪಾಯ: ಆಡಿಯೊ 3600 ಸೆಕೆಂಡ್, ಚಿತ್ರ 3603.6 ಆಗಿದ್ದರೆ 0.999 ಕೊಡಿ. ಜಾರಿಕೆ ಒಂದೇ ಸಮನಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ವೇರಿಯಬಲ್ ಫೈಲಿಗೆ ಹಚ್ಚಿದರೆ ಕೊನೆ ಕೂಡುತ್ತದೆ, ನಡು ಕೆಡುತ್ತದೆ.

ಒಂದು ಜಾಗದಲ್ಲಿ ಮಾತ್ರ ಥಟ್ಟನೆ ತಪ್ಪಿದರೆ ಅಲ್ಲಿ ಫ್ರೇಮ್ ಬಿದ್ದಿದೆ ಅಥವಾ ಆಡಿಯೊದಲ್ಲಿ ತೂತಿದೆ. ಹಳೆಯ ಮದುವೆ ವಿಎಚ್‌ಎಸ್ ಟೇಪನ್ನು ಯುಎಸ್‌ಬಿ ಸಾಧನದಿಂದ ಹಿಡಿದಾಗ ಇದು ಹೆಚ್ಚು. ಆಡಿಯೊ ತೂತಾದರೆ ಎಫ್‌ಎಫ್‌ಎಂಪೆಗ್‌ನ ಎರೀಸ್ಯಾಂಪಲ್ (aresample) ಫಿಲ್ಟರ್‌ಗೆ ಅಸಿಂಕ್ (async) 1 ಕೊಟ್ಟರೆ ನಿಶ್ಶಬ್ದ ತುಂಬಿಕೊಳ್ಳುತ್ತದೆ. ಬಿದ್ದ ಫ್ರೇಮ್ ಬೇಕೆಂದರೆ ಟೇಪನ್ನೇ ಮತ್ತೆ ಹಿಡಿಯಬೇಕು.

ಎಂಕೆವಿ ಬಗೆಯ ವಿಡಿಯೊ ಫೈಲಿನಲ್ಲಿ ಫ್ರೇಮ್ ಅಂತರ 33, 33, 34 ಮಿಲಿಸೆಕೆಂಡ್ ಎಂದು ಏರಿಳಿದರೆ ಗಾಬರಿ ಬೇಡ. ಅದು ಸಮಯವನ್ನು ಸಾಮಾನ್ಯವಾಗಿ ಮಿಲಿಸೆಕೆಂಡಿಗೆ ದುಂಡಾಗಿಸುತ್ತದೆ, 33.33 ಅಲ್ಲಿ ಹಿಡಿಸುವುದಿಲ್ಲ ಅಷ್ಟೆ.